ಕೇಳದೆ ಸಹಿ ಹಾಕಿ, ಆಮೇಲೆ ತಡವಾಯ್ತು ಅನ್ನೋದು

ಪೈಪ್‌ಲೈನ್ ವಿಷಯ ಬಂದರೆ ಸಾಕು, ಕೆನಡಾದ ಕ್ಯಾಲ್ಗರಿಯ ನಮ್ಮ ಕನ್ನಡಿಗರ ನಡುವೆ ಒಂದು ಮಾತು ಬಂದೇ ಬರುತ್ತದೆ. "ಈ ಫಸ್ಟ್ ನೇಷನ್ಸ್‌ನವರು ಎಲ್ಲದಕ್ಕೂ ಕೋರ್ಟಿಗೆ ಹೋಗ್ತಾರೆ ಮಾರಾಯ್ರೆ, ಅದಕ್ಕೇ ಈ ದೇಶದಲ್ಲಿ ಒಂದು ಕೆಲಸವೂ ಮುಂದಕ್ಕೆ ಹೋಗಲ್ಲ." ಫಸ್ಟ್ ನೇಷನ್ಸ್ ಅಂದರೆ ಇಲ್ಲಿಯ ಮೂಲನಿವಾಸಿ ಸಮುದಾಯಗಳು. ಹೀಗೆ ಹೇಳುವವರೇನೂ ಕೆಟ್ಟವರಲ್ಲ. ಇಲ್ಲಿ ನಮ್ಮಲ್ಲಿ ಬಹಳ ಜನರ ಮನೆ ನಡೆಯುವುದೇ ಎಣ್ಣೆ ಕಂಪನಿಗಳ ಸಂಬಳದಿಂದ. ನಮ್ಮ ಮನೆಯೂ ಅಷ್ಟೇ. ಆದರೂ ಈ ಲೆಕ್ಕ ತಲೆಕೆಳಗಾಗಿದೆ ಅಂತ ನನ್ನ ವಾದ. ತಡ ಮಾಡುತ್ತಿರುವುದು ಸರ್ಕಾರ, ಕೇಳಬೇಕಾದವರನ್ನು ಕೇಳಬೇಕಾದ ಹೊತ್ತಿಗೆ ಕೇಳದೆ.

ನಾವು ಮನೆ ಕಟ್ಟಿಕೊಂಡಿರುವ ಜಾಗ ಟ್ರೀಟಿ 7ರದ್ದು. 1877ರ ಸೆಪ್ಟೆಂಬರ್‌ನಲ್ಲಿ ಸಿಕ್ಸಿಕಾ, ಕೈನೈ, ಪಿಕಾನಿ, ಸುಟಿನಾ, ಸ್ಟೋನಿ ನಕೋಡಾ ಜನ ಬ್ರಿಟಿಷ್ ರಾಣಿಯ ಪ್ರತಿನಿಧಿಗಳ ಜೊತೆ ಬ್ಲ್ಯಾಕ್‌ಫುಟ್ ಕ್ರಾಸಿಂಗ್‌ನಲ್ಲಿ ಮಾಡಿಕೊಂಡ ಒಪ್ಪಂದ. ನೆಲವನ್ನೇ ಬಿಟ್ಟುಕೊಟ್ಟರು ಅಂತ ಸರ್ಕಾರದ ಕಾಗದ ಹೇಳುತ್ತದೆ. ಅದು ಶಾಂತಿಯ ಮಾತು, ಹಂಚಿಕೊಂಡು ಬಾಳುವ ಮಾತು ಅಂತ ಅವರ ಹಿರಿಯರು ಹೇಳುತ್ತಾರೆ. ಪ್ರತಿಯಾಗಿ ತಲೆಗೆ ವರ್ಷಕ್ಕೆ 5 ಡಾಲರ್. ಈಗಲೂ ಅದೇ 5 ಡಾಲರ್! ಟ್ರೀಟಿ ದಿನ ಸಾಲಲ್ಲಿ ನಿಂತವರ ಕೈಗೆ ಒಂದು ನೋಟು ಬರುತ್ತದೆ, ಪಕ್ಕದಲ್ಲಿ ಕೆಂಪು ಕೋಟಿನ ಪೊಲೀಸ್. ಹಣದುಬ್ಬರ ಆ ಸಾಲಿಗೆ ಮಾತ್ರ ಇನ್ನೂ ತಲುಪಿಲ್ಲ. ನಾವೋ, ಆಫೀಸ್ ಮೀಟಿಂಗ್ ಶುರುವಲ್ಲಿ "ಇದು ಇಂಥವರ ನೆಲ" ಅಂತ ಎರಡು ಸಾಲು ಓದಿ ಮುಂದಿನ ಸ್ಲೈಡಿಗೆ ಹೋಗುತ್ತೇವೆ.

ಕಾನೂನು ಏನೂ ಗೊಂದಲದ್ದಲ್ಲ. 1982ರ ಸಂವಿಧಾನ ಕಾಯ್ದೆಯ 35ನೇ ಕಲಂ ಮೂಲನಿವಾಸಿಗಳ ಹಕ್ಕುಗಳನ್ನೂ ಒಪ್ಪಂದದ ಹಕ್ಕುಗಳನ್ನೂ ಮಾನ್ಯ ಮಾಡಿದೆ. 2004ರಲ್ಲಿ, ಕಾಡು ಕಡಿಯುವ ಪರವಾನಗಿಯ ವಿರುದ್ಧ ಹೈದಾ ಮೂಲನಿವಾಸಿಗಳು ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಇಟ್ಟಿತು. ಹಕ್ಕು ಸಾಬೀತಾಗುವವರೆಗೆ ಕಾಯುತ್ತಾ ಕೂತರೆ ಅಷ್ಟರಲ್ಲಿ ಹಳೇ ಸೀಡರ್ ಮರಗಳೇ ಇರುವುದಿಲ್ಲ, ಅಲ್ವಾ? ಹಾಗಾಗಿ ಪರವಾನಗಿ ಕೊಡುವ ಮೊದಲೇ ಅವರೊಂದಿಗೆ ಕೂತು ಮಾತಾಡಬೇಕು. ಆ ಹೊಣೆ ಸರ್ಕಾರದ್ದು, ಕಂಪನಿಯದ್ದಲ್ಲ. ಬೇಡ ಅಂದರೆ ಯೋಜನೆ ಬಿದ್ದೇ ಹೋಯಿತು ಅಂತಲೂ ಅಲ್ಲ, ವೀಟೋ ಅಧಿಕಾರ ಅವರಿಗೆ ಇಲ್ಲ ಅಂತ ಕೋರ್ಟ್ ಅಲ್ಲೇ ಹೇಳಿದೆ. ಇಷ್ಟು ಸಣ್ಣ ಷರತ್ತನ್ನು ಪಾಲಿಸೋಕೂ ಆಗದ ಸರ್ಕಾರಗಳ ಕಥೆ ನೋಡಿ.

ಆರ್ಕ್‌ಟಿಕ್‌ನ ಬ್ಯಾಫಿನ್ ದ್ವೀಪದಲ್ಲಿ ಕ್ಲೈಡ್ ರಿವರ್ ಅಂತ ಇನುಯಿಟ್ ಮೂಲನಿವಾಸಿಗಳ ಒಂದು ಪುಟ್ಟ ಊರಿದೆ. ನಾರ್ವಾಲ್, ಸೀಲ್, ತಿಮಿಂಗಿಲ ಬೇಟೆಯಾಡಿ ತಿನ್ನುವ ಜನ. 1993ರ ನುನಾವುಟ್ ಒಪ್ಪಂದದಲ್ಲಿ ಆ ಬೇಟೆಯ ಹಕ್ಕು ಬರೆದಿಟ್ಟಿದೆ. ಅಲ್ಲಿಯ ಸಮುದ್ರದಲ್ಲಿ ಐದು ವರ್ಷ ಸೈಸ್ಮಿಕ್ ಪರೀಕ್ಷೆ ಮಾಡಲು ಕಂಪನಿಗಳು ಅರ್ಜಿ ಹಾಕಿದವು. ಅಂದರೆ ಹಡಗು ಎಳೆದುಕೊಂಡು ಹೋಗುವ ಏರ್‌ಗನ್‌ಗಳಿಂದ ನೀರಿನೊಳಗೆ ಭಾರಿ ಸದ್ದು ಹೊಡೆಯುವುದು, ಅದು ತಳಕ್ಕೆ ಬಡಿದು ವಾಪಸ್ ಬರುವ ರೀತಿಯಿಂದ ಎಣ್ಣೆ ಇದೆಯಾ ಅಂತ ಅಳೆಯುವುದು. 2013ರಲ್ಲಿ ಸಭೆಗಳಾದವು. ಈ ಸದ್ದಿನಿಂದ ನಮ್ಮ ಪ್ರಾಣಿಗಳಿಗೆ ಏನಾಗುತ್ತದೆ ಅಂತ ಜನ ಕೇಳಿದರು. ಎದುರಿಗಿದ್ದವರ ಹತ್ತಿರ ಉತ್ತರ ಇರಲಿಲ್ಲ. ಕೆಲವು ತಿಂಗಳ ನಂತರ ಉತ್ತರ ಬಂತು: 3,926 ಪುಟ! ಇಂಟರ್ನೆಟ್ ಆಮೆ ವೇಗದಲ್ಲಿ ನಡೆಯುವ ಊರಿಗೆ ವೆಬ್‌ಸೈಟಿನಲ್ಲಿ ಹಾಕಿದ ಕಡತ. ಅವರ ಇನುಕ್ಟಿಟುಟ್ ಭಾಷೆಗೆ ಅನುವಾದ ಆಗಿದ್ದು ಅದರ ಒಂದು ಚೂರು ಮಾತ್ರ. ಬೇಟೆಗಾರನೊಬ್ಬ ಅದನ್ನು ಓದಿ ಆಕ್ಷೇಪಣೆ ಬರೆಯಬೇಕಿತ್ತಂತೆ. 2014ರಲ್ಲಿ ಪರವಾನಗಿ ಸಿಕ್ಕಿತು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಇದನ್ನು ಓದುವಾಗ ನನಗೆ ನಮ್ಮ ಕರ್ನಾಟಕ ಹೈಕೋರ್ಟ್ ನೆನಪಾಯಿತು. 2020ರಲ್ಲಿ ಕೇಂದ್ರ ಸರ್ಕಾರದ ಪರಿಸರ ಪರಿಣಾಮ ಮೌಲ್ಯಮಾಪನ ನಿಯಮಗಳ ಕರಡು ಕನ್ನಡದಂಥ ಭಾಷೆಗಳಲ್ಲಿ ಬಂದಿಲ್ಲ ಎಂಬ ಕಾರಣಕ್ಕೇ ಅಂತಿಮ ಅಧಿಸೂಚನೆ ಹೊರಡಿಸದಂತೆ ಅದು ತಡೆ ಕೊಟ್ಟಿತ್ತು. ಅರ್ಥವಾಗದ ಭಾಷೆಯಲ್ಲಿ ಅಭಿಪ್ರಾಯ ಕೇಳುವ ಚಾಳಿ ಎಲ್ಲ ಕಡೆ ಒಂದೇ.

ಇನ್ನು ನಮ್ಮವರ ಪ್ರೀತಿಯ ಟ್ರಾನ್ಸ್ ಮೌಂಟನ್, ನಮ್ಮ ಆಲ್ಬರ್ಟಾ ಪ್ರಾಂತ್ಯದ ಎಣ್ಣೆಯನ್ನು ಪಶ್ಚಿಮ ಕರಾವಳಿಗೆ ಒಯ್ಯುವ ಪೈಪ್‌ಲೈನ್. 2018ರ ಆಗಸ್ಟ್ 30ರಂದು ಫೆಡರಲ್ ಮೇಲ್ಮನವಿ ಕೋರ್ಟ್ ಅದರ ವಿಸ್ತರಣೆಯ ಅನುಮತಿ ರದ್ದು ಮಾಡಿದಾಗ ಕ್ಯಾಲ್ಗರಿಯಲ್ಲಿ ಸೂತಕದ ವಾತಾವರಣ. ತೀರ್ಪು ಏನು ಹೇಳಿತು ಅಂತ ಎಷ್ಟು ಜನ ನೋಡಿದರೋ ಗೊತ್ತಿಲ್ಲ. ಸರ್ಕಾರ ಕಳಿಸಿದ ಅಧಿಕಾರಿಗಳು ಜನ ಹೇಳಿದ್ದನ್ನು ಬರೆದುಕೊಂಡು ಮೇಲಕ್ಕೆ ಕಳಿಸಿದರು ಅಷ್ಟೇ, ಎದುರು ಕೂತು ಉತ್ತರ ಕೊಡುವ ಅಧಿಕಾರವೇ ಅವರಿಗಿರಲಿಲ್ಲ ಅನ್ನುವುದು ಅದರ ಒಂದು ಮುಖ್ಯ ಕಾರಣ. ಸರ್ಕಾರ ಮತ್ತೆ ಹೋಗಿ ಮಾತಾಡಿತು. 2019ರ ಜೂನ್‌ನಲ್ಲಿ ಮತ್ತೆ ಅನುಮತಿ ಕೊಟ್ಟಿತು. ಈ ಸಲ ಕೋರ್ಟಿನಲ್ಲಿ ಗೆದ್ದಿತು ಕೂಡ. ಒಂದು ವರ್ಷಕ್ಕಿಂತ ಕಡಿಮೆ ಹೊತ್ತಿನ ಕೆಲಸ! ಅದನ್ನೇ ಮೊದಲ ಸಲ ಮಾಡಿದ್ದರೆ?

ಮೂಲನಿವಾಸಿಗಳೆಲ್ಲ ಯೋಜನೆಗಳ ವಿರೋಧಿಗಳು ಅನ್ನುವುದೂ ಸುಳ್ಳು. ಬ್ರಿಟಿಷ್ ಕೊಲಂಬಿಯಾದ ಸೀಡರ್ ಎಲ್‌ಎನ್‌ಜಿ (ದ್ರವೀಕೃತ ನೈಸರ್ಗಿಕ ಅನಿಲ) ಯೋಜನೆಯಲ್ಲಿ ಹೈಸ್ಲಾ ಮೂಲನಿವಾಸಿಗಳದ್ದೇ ದೊಡ್ಡ ಪಾಲು. ಅದೇ ಪ್ರಾಂತ್ಯದ ಈಶಾನ್ಯದಲ್ಲಿ ಬ್ಲೂಬೆರಿ ರಿವರ್ ಜನ 2021ರಲ್ಲಿ ಕೇಸು ಗೆದ್ದದ್ದು ಬೇರೆ ಕಾರಣಕ್ಕೆ. ಅವರ 1899ರ ಒಪ್ಪಂದ, ಟ್ರೀಟಿ 8, ಮೊದಲಿನಂತೆ ಬೇಟೆಯಾಡಬಹುದು ಅನ್ನುತ್ತದೆ. ಒಂದು ಅನಿಲ ಬಾವಿ, ಒಂದು ರಸ್ತೆ, ಒಂದು ಕಡೆ ಮರ ಕಡಿತ ಅಂತ ಬಿಡಿಬಿಡಿಯಾಗಿ ಅನುಮತಿ ಕೊಡುತ್ತಾ ಹೋಗಿ ಬೇಟೆಗೆ ಕಾಡೇ ಉಳಿಯದಂತೆ ಆಗಿತ್ತು.

ಈಗ ಅವಸರದ ಕಾಲ. ಅಮೆರಿಕದ ಸುಂಕದ ಹೆದರಿಕೆ ಬೇರೆ. ದೊಡ್ಡ ಯೋಜನೆಗಳಿಗೆ ಬೇಗ ಅನುಮತಿ ಕೊಡುವ ಬಿಲ್ ಸಿ-5, 2025ರ ಜೂನ್ 6ಕ್ಕೆ ಮಂಡನೆಯಾಗಿ ಜೂನ್ 26ಕ್ಕೆ ಕಾನೂನಾಯಿತು. ಮೂಲನಿವಾಸಿಗಳ ಜೊತೆ ಸಮಾಲೋಚನೆ ಮಾಡಬೇಕು ಅಂತ ಅದರಲ್ಲೇ ಬರೆದಿದೆ. ಆದರೆ ಫಸ್ಟ್ ನೇಷನ್ಸ್ ಮುಖ್ಯಸ್ಥರನ್ನು ಕೂರಿಸಿ ಪ್ರಧಾನಿ ಕಾರ್ನಿ ಮಾತಾಡಿದ್ದು ಜುಲೈನಲ್ಲಿ, ಕಾನೂನು ಆದ ಮೇಲೆ. ಇದು ನಿಯಮದ ಉಲ್ಲಂಘನೆಯಲ್ಲ ನೋಡಿ. ಕಾನೂನು ರೂಪಿಸುವಾಗ ಈ ಹೊಣೆ ಅನ್ವಯಿಸುವುದಿಲ್ಲ ಅಂತ ಸುಪ್ರೀಂ ಕೋರ್ಟೇ 2018ರಲ್ಲಿ ಹೇಳಿಬಿಟ್ಟಿದೆ. ಆ ತೀರ್ಪು ನನಗಂತೂ ಒಪ್ಪಿಗೆಯಾಗಿಲ್ಲ. ಆಟದ ನಿಯಮ ಮಾಡುವಾಗ ಹೊರಗಿಟ್ಟು, ಆಟಕ್ಕೆ ಮಾತ್ರ ಕರೆಯುವುದು ಯಾವ ನ್ಯಾಯ?

ಅದೇ 2025ರ ನವೆಂಬರ್ 27ಕ್ಕೆ ನಮ್ಮ ಕ್ಯಾಲ್ಗರಿಯಲ್ಲೇ ಕಾರ್ನಿ ಮತ್ತು ಆಲ್ಬರ್ಟಾದ ಪ್ರೀಮಿಯರ್ (ಮುಖ್ಯಮಂತ್ರಿ) ಡೇನಿಯಲ್ ಸ್ಮಿತ್ ಪಶ್ಚಿಮ ಕರಾವಳಿಗೆ ಹೊಸ ಪೈಪ್‌ಲೈನ್ ಎಳೆಯುವ ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿದರು. ಪೈಪು ಸಮುದ್ರ ಮುಟ್ಟುವ ಜಾಗದ ಜನ ಆ ಮೇಜಿನ ಮುಂದೆ ಇರಲಿಲ್ಲ. ಕರಾವಳಿಯ ಫಸ್ಟ್ ನೇಷನ್ಸ್ ಕೂಡಲೇ ವಿರೋಧಿಸಿದವು. ಈ ಪೈಪ್‌ಲೈನ್ ಆಗಲೇಬೇಕು ಅನ್ನುವ ಗೆಳೆಯರು ಸುಮ್ನೆ ಅವರಿಗೆ ಬೈಯುವ ಬದಲು ಒಟ್ಟಾವಾದ ಕೇಂದ್ರ ಸರ್ಕಾರವನ್ನು ಕೇಳಲಿ: ಆ ಕರಾವಳಿಗೆ ಯಾರನ್ನು ಕಳಿಸುತ್ತಿದ್ದೀರಿ, ಅವರಿಗೆ ನಕ್ಷೆ ಬದಲಿಸುವ ಅಧಿಕಾರ ಇದೆಯಾ, ಇಲ್ಲಾ ಮತ್ತೆ ಬರೆದುಕೊಂಡು ಬರುವವರೇನಾ?