ಪ್ರೌಢಶಾಲೆಯ ವೇಳಾಪಟ್ಟಿಯಲ್ಲಿ ಶೋಧಕಲಿಕೆಗೆ ಅವಧಿ ಮೀಸಲಿಡಬೇಕೇ?

ಪರ
(ವಿಜ್ಞಾನ ಶಿಕ್ಷಕಿ, ಸರ್ಕಾರಿ ಪ್ರೌಢಶಾಲೆ, ಗದಗ ಜಿಲ್ಲೆ)

ಮೀಸಲಿಡಲೇಬೇಕು. ಪ್ರಶ್ನೆ ಕೇಳುವುದು, ಅದಕ್ಕೆ ಪುರಾವೆ ಹುಡುಕುವುದು, ಸಿಕ್ಕ ಪುರಾವೆಯನ್ನು ನಾಲ್ವರ ಮುಂದಿಟ್ಟು ಚರ್ಚಿಸಿ ಒಂದು ನಿಲುವಿಗೆ ಬರುವುದು, ಶೋಧಕಲಿಕೆಯ ಈ ಹೆಜ್ಜೆಗಳೆಲ್ಲ ಮಕ್ಕಳಿಗೆ ತಾವಾಗಿಯೇ ಬರುತ್ತವೆ ಎಂದು ನಾವು ನಂಬಿಕೊಂಡು ಬಂದಿದ್ದೇವೆ. ಮಗ್ಗಿ ತಾನಾಗಿ ಬರುವುದಿಲ್ಲವೆಂದು ಚೆನ್ನಾಗಿ ಬಲ್ಲ ನಾವು ಇದೊಂದನ್ನು ಮಾತ್ರ ಮಕ್ಕಳ ಹಣೆಬರಹಕ್ಕೆ ಬಿಟ್ಟಿರುವುದು ಯಾವ ನ್ಯಾಯ? ಎಂಟು ಮತ್ತು ಒಂಬತ್ತನೇ ತರಗತಿಗೆ ವಾರಕ್ಕೊಂದು ಜೋಡಿ ಅವಧಿ ಕೊಡಿ ಎಂಬುದಷ್ಟೇ ನನ್ನ ಬೇಡಿಕೆ.

ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ 125 ಅಂಕ ಆಂತರಿಕ ಮೌಲ್ಯಮಾಪನಕ್ಕಿದೆ. ಅಂದರೆ ಐದರಲ್ಲೊಂದು ಪಾಲು. ಎಂಟು, ಒಂಬತ್ತನೇ ತರಗತಿಯಲ್ಲೂ ಚಟುವಟಿಕೆ, ಪ್ರಾಜೆಕ್ಟ್ ಎಂದು ಅಂಕಪಟ್ಟಿ ತುಂಬುತ್ತಲೇ ಇರುತ್ತೇವೆ. ಅಂಕವಿದೆ, ಅದನ್ನು ಗಳಿಸುವ ಕೆಲಸಕ್ಕೆ ಶಾಲೆಯಲ್ಲಿ ಸಮಯವಿಲ್ಲ. ವೇಳಾಪಟ್ಟಿಯಲ್ಲಿ ಜಾಗ ಸಿಗದ ಕೆಲಸ ಮನೆಗೆ ಹೋಗುತ್ತದೆ, ಮನೆಗೆ ಹೋದದ್ದು ಅಂಗಡಿಯ ಥರ್ಮಾಕೋಲ್ ಮಾದರಿಯಾಗಿ ಮರಳಿ ಬರುತ್ತದೆ. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 1993ರಿಂದ ನಡೆಯುತ್ತಿದೆ ಎಂದು ಕೆಲವರು ನೆನಪಿಸುತ್ತಾರೆ. ಅದು ಒಳ್ಳೆಯ ಕಾರ್ಯಕ್ರಮವೇ. ಆದರೆ ಅಲ್ಲಿಗೆ ಶಾಲೆಯಿಂದ ಹೋಗುವವರು ಆಯ್ದ ಒಂದಿಬ್ಬರು. ಉಳಿದವರ ಗತಿ ಏನು?

ನಮ್ಮದು ಮುಂಡರಗಿ ತಾಲ್ಲೂಕು. ಇಲ್ಲಿನ ಅನೇಕ ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಗತಿಯಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಹೆಚ್ಚಾದರೆ ಹಲ್ಲಿಗೆ ಕಂದು ಕಲೆ ಬರುತ್ತದೆಂದು ಹೇಳಿಕೊಟ್ಟರೆ ಪಾಠ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಆದರೆ ಒಂಬತ್ತನೇ ತರಗತಿಯ ಮಕ್ಕಳು ಅಲ್ಲಿಗೆ ನಿಲ್ಲಲಿಲ್ಲ. ಒಂದೇ ನಳದ ನೀರು ಕುಡಿಯುವ ಇಬ್ಬರಲ್ಲಿ ಒಬ್ಬರ ಹಲ್ಲಿಗೆ ಕಲೆಯಿದೆ, ಇನ್ನೊಬ್ಬರಿಗೆ ಇಲ್ಲ, ಯಾಕೆ ಎಂದು ಕೇಳಿದರು. ಪಠ್ಯದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಪೇಸ್ಟ್ ಕಾರಣವೆಂದು ಕೆಲವರು, ಚಹಾ ಕಾರಣವೆಂದು ಕೆಲವರು ವಾದಿಸಿದರು. ಕೊನೆಗೆ ಒಂದು ಗುಂಪು ಮನೆಮನೆಗೆ ಹೋಗಿ ವಿಚಾರಿಸುವುದು, ಇನ್ನೊಂದು ಗುಂಪು ನೀರು ಪರೀಕ್ಷಿಸುವುದು ಎಂದಾಯಿತು. ಪರೀಕ್ಷಾ ಕಿಟ್‌ನ ಕಾರಕ ಹಾಕಿದಾಗ ನೀರು ಗುಲಾಬಿಯಿಂದ ಹಳದಿಯತ್ತ ತಿರುಗುತ್ತದೆ. ಫ್ಲೋರೈಡ್ ಹೆಚ್ಚಿದ್ದಷ್ಟೂ ಹಳದಿ ಹೆಚ್ಚು. ಆ ಬಣ್ಣವನ್ನು ಪಟ್ಟಿಗೆ ಹೋಲಿಸಿ ನೋಡುವುದು ಕಣ್ಣಳತೆಯ ಕೆಲಸವಾದ್ದರಿಂದ, ಇಬ್ಬರು ಬೇರೆ ಬೇರೆ ನೋಡಿ, ಪರಸ್ಪರ ತೋರಿಸದೆ ಚೀಟಿಯಲ್ಲಿ ಬರೆಯಬೇಕು, ಚೀಟಿಗಳು ತಾಳೆಯಾಗದಿದ್ದರೆ ಮಾದರಿಯನ್ನು ಮತ್ತೆ ಪರೀಕ್ಷಿಸಬೇಕು ಎಂಬ ನಿಯಮವನ್ನು ಮಕ್ಕಳೇ ಮಾಡಿಕೊಂಡರು. ಗೆಳತಿಯ ಚೀಟಿಗಾಗಿ ತನ್ನ ಅಂಕಿಯನ್ನು ತಿದ್ದಬಾರದೆಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಪಾಠ ಕಲಿಸೀತು?

ಎರಡೂ ಗುಂಪುಗಳ ವಹಿಯನ್ನು ಒಟ್ಟಿಗೆ ಇಟ್ಟಾಗಲೂ ಲೆಕ್ಕ ಕೂಡಲಿಲ್ಲ. ಆಗ ಒಬ್ಬ ಹುಡುಗಿ, "ಟೀಚರ್, ನಾ ಮೂರನೇತ್ತಾ ಮುಗಿಯೋತನಕ ಅಜ್ಜಿ ಊರಾಗ ಇದ್ದೆನ್ರಿ, ಅಲ್ಲೆ ಹೊಳಿ ನೀರ ಕುಡೀತಿದ್ವಿ" ಎಂದಳು. ಅವಳ ಹಲ್ಲು ಬೆಳ್ಳಗಿತ್ತು. ಮಕ್ಕಳು ವಹಿಯಲ್ಲಿ ಹೊಸದೊಂದು ಕಾಲಂ ಎಳೆದರು: ಆರು ವರ್ಷದೊಳಗೆ ಎಲ್ಲಿದ್ದರು, ಯಾವ ನೀರು ಕುಡಿದರು. ಮತ್ತೆ ಅದೇ ಮನೆಗಳಿಗೆ ಹೋದರು. ಕಾಲಂ ತುಂಬುತ್ತಾ ಬಂದಂತೆ ಉತ್ತರ ಕಾಣತೊಡಗಿತು. ಕಲೆ ಬರುವುದು ಇವತ್ತು ಕುಡಿಯುವ ನೀರಿನಿಂದಲ್ಲ, ವಸಡಿನೊಳಗೆ ಕಾಯಂ ಹಲ್ಲಿನ ಎನಾಮಲ್ ರೂಪುಗೊಳ್ಳುತ್ತಿದ್ದ ವರ್ಷಗಳಲ್ಲಿ ಕುಡಿದ ನೀರಿನಿಂದ. ಈ ಮಾತು ವೈದ್ಯಕೀಯ ಗ್ರಂಥಗಳಲ್ಲಿ ಮೊದಲೇ ಇದೆ, ನಿಜ. ಆದರೆ ನಮ್ಮ ಮಕ್ಕಳು ಅದನ್ನು ತಮ್ಮ ಓಣಿಯಲ್ಲಿ ಕಂಡುಕೊಂಡರು. ತಮ್ಮ ಹಲ್ಲಿನ ಕಲೆ ಇನ್ನು ತಾನಾಗಿ ಹೋಗದೆಂದು ತಿಳಿದ ಹುಡುಗರು, ಮನೆಯ ಎಳೆಗೂಸಿಗೆ ಶುದ್ಧ ನೀರಿನ ಘಟಕದ ನೀರನ್ನೇ ಕೊಡಿ ಎಂದು ತಾಯಂದಿರಿಗೆ ತಾವೇ ಹೇಳಿದರು. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಒಂದು ಪಾಠ ಹೀಗೆ ಅಡುಗೆಮನೆಯವರೆಗೆ ಹೋದದ್ದನ್ನು ಬೇರೆಲ್ಲೂ ಕಂಡಿಲ್ಲ.

ಕೂಡಿ ಕೆಲಸ ಮಾಡುವುದನ್ನೂ ಕಲಿಸಬೇಕಾಗುತ್ತದೆ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಕಣಗಿನಹಾಳ ನಮ್ಮ ಜಿಲ್ಲೆಯದೇ. ಸಹಕಾರ ಸಂಘವೆಂದರೆ ಲೆಕ್ಕ, ನಡಾವಳಿ, ಹೊಣೆ ಹಂಚಿಕೆ ಎಲ್ಲ ಇರಲೇಬೇಕು. ಅಂಥ ನೆಲದ ಶಾಲೆಗಳಲ್ಲಿ ನಾಲ್ವರು ಕೂಡಿ ಒಂದು ವಹಿ ಬರೆಯುವುದನ್ನು ಕಲಿಸಲು ಸಮಯವಿಲ್ಲವೆನ್ನುವುದು ನನಗೆ ನೋವಿನ ಸಂಗತಿ.

ವಿರೋಧಿಸುವವರ ವಾದವೆಲ್ಲ ಕೊನೆಗೆ ಬಂದು ನಿಲ್ಲುವುದು ಒಂದೇ ಮಾತಿಗೆ: ಪೋರ್ಷನ್ ಮುಗಿಯುವುದಿಲ್ಲ. ಗೈಡ್ ನೋಡಿ ಬರೆಸಿ, ಬಾಯಿಪಾಠ ಒಪ್ಪಿಸಿಕೊಂಡು ಮುಗಿಸಿದ ಪೋರ್ಷನ್ ಯಾರ ತಲೆಯಲ್ಲಿ ಉಳಿದಿದೆ ಎಂಬುದನ್ನು ಅವರು ಮೊದಲು ಹೇಳಲಿ.

ವಿರೋಧ
(ಗಣಿತ ಶಿಕ್ಷಕ, ಅನುದಾನಿತ ಪ್ರೌಢಶಾಲೆ, ಹಾವೇರಿ ಜಿಲ್ಲೆ)

ವಿರೋಧದ ಬದಿಯನ್ನು ಬರೆದುಕೊಡಲು ನನ್ನನ್ನು ಕೇಳಲಾಗಿದೆ. ಮಕ್ಕಳಲ್ಲಿ ಶೋಧಬುದ್ಧಿ ಬೆಳೆಯಬೇಕೆಂಬುದರಲ್ಲಿ ನನಗೆ ತಕರಾರಿಲ್ಲ. ಅದಕ್ಕೆಂದು ಈಗಿರುವ ವಿಷಯಗಳ ಅವಧಿಯನ್ನು ಕತ್ತರಿಸುವುದು ಸದ್ಯದ ಸ್ಥಿತಿಯಲ್ಲಿ ಸರಿಯಲ್ಲ ಎಂಬಷ್ಟಕ್ಕೆ ನನ್ನ ವಾದ ಸೀಮಿತ.

ಎಂಟನೇ ತರಗತಿಗೆ ಬರುವ ಮಕ್ಕಳಲ್ಲಿ ಅನೇಕರಿಗೆ ದಶಕ ತೆಗೆದುಕೊಂಡು ಕಳೆಯುವ ಲೆಕ್ಕವೇ ತಪ್ಪುತ್ತದೆ. ಭಿನ್ನರಾಶಿ ಕಂಡರೆ ಪೆನ್ನು ಕೆಳಗಿಡುತ್ತಾರೆ. ಇದು ನಮ್ಮ ಶಾಲೆಯ ಕಥೆ ಮಾತ್ರವಲ್ಲ. ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಎರಡನೇ ತರಗತಿಯ ಪಠ್ಯ ಓದಲು ಬರುವುದಿಲ್ಲವೆಂದು ಮಕ್ಕಳ ಓದು, ಲೆಕ್ಕದ ಮಟ್ಟ ಅಳೆಯುವ ಅಸರ್ ಸಮೀಕ್ಷೆಗಳು ಹೇಳುತ್ತಾ ಬಂದಿವೆ. ಓದಲು ಬಾರದವನು ಮಾಹಿತಿ ಹುಡುಕುವುದು ಹೇಗೆ? ಶೇಕಡಾ ಲೆಕ್ಕ ಬಾರದವಳು ತಾನೇ ತಂದ ಅಂಕಿಗಳಿಂದ ಏನು ತೀರ್ಮಾನಿಸಬಲ್ಲಳು? ಹೊಸದಾಗಿ ಕಲಿಯುವವರಿಗೆ ಅಲ್ಪ ಮಾರ್ಗದರ್ಶನದ ಬೋಧನೆ ಫಲ ಕೊಡುವುದಿಲ್ಲ, ಬಿಡಿಸಿ ತೋರಿಸಿದ ಉದಾಹರಣೆಗಳೇ ಹೆಚ್ಚು ನೆರವಾಗುತ್ತವೆ ಎಂದು ಕಿರ್ಶ್ನರ್, ಸ್ವೆಲ್ಲರ್ ಮತ್ತು ಕ್ಲಾರ್ಕ್ ಎಂಬ ಸಂಶೋಧಕರು 2006ರಲ್ಲೇ ವಾದಿಸಿದ್ದಾರೆ. ಅಡಿಪಾಯವಿಲ್ಲದೆ ಗೋಡೆ ಏಳುವುದಿಲ್ಲ.

ಒಮ್ಮೆ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಕುರಿತು ವರದಿ ತರಲು ಗುಂಪುಗಳಿಗೆ ಹೇಳಿದ್ದೆವು. ಬಂದ ವರದಿಗಳೆಲ್ಲ ಒಂದೇ ಅಂಗಡಿಯಲ್ಲಿ ಅಂತರ್ಜಾಲದಿಂದ ತೆಗೆಸಿದ ಪ್ರಿಂಟುಗಳು: ಗಾಢ ಬಣ್ಣ, ಕಡಿಮೆ ಖಾರ, 2011ರ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ, ಎಲ್ಲದರಲ್ಲೂ ಅವೇ ಸಾಲುಗಳು. ಒಂದು ಗುಂಪಿನಲ್ಲಿದ್ದ ಹುಡುಗನ ತಂದೆ ಅದೇ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಾರೆ. ಡಬ್ಬಿ ತಳಿ ಯಾವುದು, ಕಡ್ಡಿ ತಳಿ ಯಾವುದು, ಹಸಿ ಇರುವ ಕಾಯಿಗೆ ದರ ಏಕೆ ಇಳಿಯುತ್ತದೆ ಎಂದು ಕೇಳಿದರೆ ಆ ಹುಡುಗ ಥಟ್ಟನೆ ಹೇಳಿದ. ವರದಿಯಲ್ಲಿ ಅದರ ಒಂದಕ್ಷರವೂ ಇರಲಿಲ್ಲ. ಬರೆಯುವ ಕೆಲಸವನ್ನೆಲ್ಲ ಗುಂಪಿನ ಒಬ್ಬಳು ಮುಗಿಸಿದ್ದಳು, ಉಳಿದವರು ಹೆಸರು ಸೇರಿಸಿದ್ದರು. ಎಲ್ಲೋ ಒಂದು ಶಾಲೆಯಲ್ಲಿ ಉತ್ಸಾಹಿ ಶಿಕ್ಷಕರೊಬ್ಬರಿಂದ ಸೊಗಸಾದ ಕೆಲಸ ನಡೆದಿದೆಯೆಂದು ಇಡೀ ರಾಜ್ಯದ ವೇಳಾಪಟ್ಟಿಯನ್ನು ಬದಲಿಸಲಾಗದು. ಆ ಹುಡುಗನಿಗೆ ಗೊತ್ತಿದ್ದದ್ದನ್ನು ಹೊರತೆಗೆಯಲು ಶಿಕ್ಷಕರು ಪಕ್ಕದಲ್ಲಿ ಕೂತು ಕೇಳಬೇಕಿತ್ತೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ತುಂಬಿದ ತರಗತಿಯಲ್ಲಿ, ಖಾಲಿ ಹುದ್ದೆಗಳನ್ನು ಅತಿಥಿ ಶಿಕ್ಷಕರಿಂದ ತುಂಬಿಸಿಕೊಳ್ಳುವ ಶಾಲೆಗಳಲ್ಲಿ, ಹಾಗೆ ಪಕ್ಕದಲ್ಲಿ ಕೂರುವವರು ಯಾರು?

ಹಿಂದಿನ ತರಗತಿಗಳ ಕಲಿಕೆಯ ಕೊರತೆ ತುಂಬುವ ವರ್ಷಾರಂಭದ ಸೇತುಬಂಧ ಕಾರ್ಯಕ್ರಮಕ್ಕೆ ಈಗ ಸಿಗುವುದು ಕೆಲವೇ ದಿನ. ಹಿಂದುಳಿದ ಮಗು ಓದು, ಲೆಕ್ಕಗಳಲ್ಲಿ ತುಸು ಚೇತರಿಸಿಕೊಳ್ಳುವಷ್ಟರಲ್ಲಿ ಅದು ಮುಗಿದು ಪಾಠ ಶುರುವಾಗುತ್ತದೆ. ವೇಳಾಪಟ್ಟಿಯಲ್ಲಿ ವಾರಕ್ಕೆರಡು ಅವಧಿ ಹೊಂದಿಸಲು ನಿಜವಾಗಿಯೂ ಸಾಧ್ಯವಿದ್ದರೆ, ಎಂಟನೇ ತರಗತಿಯಲ್ಲಿ ಅವನ್ನು ವರ್ಷವಿಡೀ ಸೇತುಬಂಧ ಮುಂದುವರಿಸಲು ಕೊಡಬೇಕೆಂಬುದು ನನ್ನ ಕೋರಿಕೆ.