ಗುರಾಣಿಯವಳು ಮುಂದೆ, ಮಂತ್ರವಾದಿ ಬಂಡೆ ಮೇಲೆ

ಹಬ್ಬಕ್ಕೆ ಊರಿಗೆ ಬಂದಿದ್ದ ಚಿಕ್ಕಪ್ಪನ ಮಗ ಬಾಲ್ಡರ್ಸ್ ಗೇಟ್ 3 ಅನ್ನೋ ಕಂಪ್ಯೂಟರ್ ಆಟ ಆಡುವುದನ್ನು ಬಿಟ್ಟುಬಿಟ್ಟೆ ಅಂದ. 150 ಜಿಬಿ ಜಾಗ ಕೊಟ್ಟು ಹಾಕಿಕೊಂಡ ಆಟ, ಮೂರೇ ದಿನಕ್ಕೆ ಬೇಡವಾಗಿದೆ. "ಅಣ್ಣ, ಎಲ್ರೂ ಸತ್ತೋಗ್ತಾರೆ. ನಂಗಾಗಲ್ಲ."

ಆಡಿ ತೋರಿಸು ಅಂದೆ. ಗ್ರೋವ್ ಅನ್ನೋ ಕಾಡಿನ ನೆಲೆಯ ಬಾಗಿಲಿಗೆ ಕುಳ್ಳ ರಾಕ್ಷಸರಂಥ ಗಾಬ್ಲಿನ್‌ಗಳು ನುಗ್ಗುವ ಜಗಳ. ಮಂತ್ರವಾದಿ ಗೇಲ್‌ನನ್ನು ಎಲ್ಲರಿಗಿಂತ ಮುಂದೆ ಓಡಿಸಿದ. ಗೇಲ್ ಸ್ವಲ್ಪ ಹೊತ್ತಿಗೇ ನೆಲಕ್ಕೆ ಬಿದ್ದ.

ತಪ್ಪು ಅವನದಲ್ಲ. ಇಷ್ಟು ದಿನ ಮೊಬೈಲ್‌ನಲ್ಲಿ ಬಂದೂಕಿನ ಆಟ ಆಡಿದವನು. ಅಲ್ಲಿ ಕೈ ಚುರುಕಾಗಿರಬೇಕು. ಇಲ್ಲಿ ಒಬ್ಬೊಬ್ಬರಿಗೂ ಸರದಿ ಇದೆ. ನಿಮ್ಮ ಸರದಿಯಲ್ಲಿ ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದರೂ ಯಾರೂ ಹೊಡೆಯುವುದಿಲ್ಲ. ಯೋಚನೆ ಮಾಡಿ ಅಂತಲೇ ಆ ಸಮಯ ಕೊಟ್ಟಿದ್ದಾರೆ.

ನಮ್ಮ ಮಧುಗಿರಿ ಕಡೆ ದೇವಸ್ಥಾನದ ಜಗಲಿಯಲ್ಲಿ ತಾತನ ಜೊತೆ ಆಡು ಹುಲಿ ಆಟ ಆಡುತ್ತಿದ್ದೆ. "ಆಡಿನ ಹಿಂದೆ ಜಾಗ ಖಾಲಿ ಬಿಡಬ್ಯಾಡ ಕಣಪ್ಪ, ಹುಲಿ ಹಾರ್ತೈತೆ" ಅನ್ನುತ್ತಿದ್ದರು. ತಮ್ಮನಿಗೂ ಅದನ್ನೇ ಹೇಳಿದೆ. ಹೊಡೆಯುವುದು ಆಮೇಲೆ, ಮೊದಲು ನಿಲ್ಲುವ ಜಾಗ ನೋಡು. ಗುರಾಣಿ ಹಿಡಿದ ಜೊತೆಗಾತಿ ಶ್ಯಾಡೋಹಾರ್ಟ್ ಮುಂದೆ ಇರಲಿ. ಗೇಲ್ ಹಿಂದೆ, ಆದಷ್ಟು ಎತ್ತರದಲ್ಲಿ. ಈ ಆಟದಲ್ಲಿ ಏಟು ತಗಲುತ್ತದೋ ಇಲ್ಲವೋ ಅನ್ನುವುದನ್ನು ದಾಳ ಹೇಳುತ್ತದೆ. ಮೇಲಿಂದ ಬಾಣ ಬಿಟ್ಟರೆ ಆ ದಾಳಕ್ಕೆ 2 ಸೇರುತ್ತದೆ, ಕೆಳಗಿಂದ ಬಿಟ್ಟರೆ 2 ಕಳೆಯುತ್ತದೆ. ಮಧುಗಿರಿ ಕೋಟೆ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಮೇಲಿದ್ದವನದೇ ಮೇಲುಗೈ.

ಇನ್ನೊಂದು. ಪ್ರತಿ ಸರದಿಯಲ್ಲಿ ಒಂದು ಆ್ಯಕ್ಷನ್ (ಹೊಡೆಯುವಂಥ ದೊಡ್ಡ ಕೆಲಸ), ಒಂದು ಬೋನಸ್ ಆ್ಯಕ್ಷನ್ (ಸಣ್ಣ ಕೆಲಸ), ಜೊತೆಗೆ ನಡೆದಾಟ ಸಿಗುತ್ತದೆ. ಹೊಸಬರು ಕತ್ತಿ ಬೀಸಿದ ಕೂಡಲೇ ಸರದಿ ಮುಗಿಸಿಬಿಡುತ್ತಾರೆ. ಬೋನಸ್ ಆ್ಯಕ್ಷನ್ ಸುಮ್ನೆ ಹಾಳು! ಅದರಲ್ಲಿ ಮದ್ದು ಕುಡಿಯಬಹುದು, ಜಿಗಿಯಬಹುದು, ಬಂಡೆ ಅಂಚಿನಲ್ಲಿ ನಿಂತ ಗಾಬ್ಲಿನ್‌ನನ್ನು ಕೆಳಕ್ಕೆ ತಳ್ಳಬಹುದು. ತಳ್ಳುವುದು ನನಗೆ ಎಲ್ಲಕ್ಕಿಂತ ಇಷ್ಟ. ಎದುರಾಳಿ ಒದ್ದೆಯಾಗಿದ್ದರೆ ಮಿಂಚಿನ ಮಂತ್ರ ಹಾಕಿ, ಏಟು ಎರಡು ಪಟ್ಟು ಬೀಳುತ್ತದೆ. ಎದುರಾಳಿ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸಾಮಿನ್ ಒತ್ತಿದರೆ ಅವನು ಯಾವುದಕ್ಕೆ ಬಗ್ಗುತ್ತಾನೆ ಅಂತ ಗೊತ್ತಾಗುತ್ತದೆ. ಆಟದಲ್ಲಿ ಕನ್ನಡ ಇಲ್ಲ, ಓದುವುದು ಜಾಸ್ತಿ. ಕನ್ನಡ ಮೀಡಿಯಂನಲ್ಲಿ ಓದಿದವರು ಅದಕ್ಕೇ ಹಿಂಜರಿಯಬೇಡಿ. ನಾನೂ ಅಲ್ಲಿಂದಲೇ ಬಂದವನು. ನಿಧಾನಕ್ಕೆ ಓದಿ, ಯಾರೂ ಅವಸರ ಮಾಡುವುದಿಲ್ಲ.

ಮಂತ್ರಗಳನ್ನು ಕೂಡಿಡಬೇಡಿ. ಬಳಸಿ, ಆಮೇಲೆ ಕ್ಯಾಂಪಿಗೆ ಹೋಗಿ ಮಲಗಿ, ಖರ್ಚಾದ ಮಂತ್ರ ಮತ್ತೆ ಸಿಗುತ್ತದೆ. ಒಂದು ರಾತ್ರಿಗೆ 40 ಆಹಾರ ಸಾಮಗ್ರಿ ಸಾಕು, ದಾರಿಯಲ್ಲಿ ಬೇಕಾದಷ್ಟು ಸಿಗುತ್ತದೆ. ಜೊತೆಗಾರರು ಮನಸ್ಸು ಬಿಚ್ಚಿ ಮಾತಾಡುವುದು ಹೆಚ್ಚಾಗಿ ಆ ರಾತ್ರಿಗಳಲ್ಲೇ. ಮಲಗದೆ ಓಡಿದವರಿಗೆ ಒಳ್ಳೊಳ್ಳೆ ದೃಶ್ಯಗಳೇ ತಪ್ಪಿಹೋಗುತ್ತವೆ.

ಮಾತುಕತೆಯಲ್ಲಿ ದಾಳ ಕೈಕೊಟ್ಟರೆ ಪ್ರತಿ ಸಲ ಹಳೇ ಸೇವ್ ತೆರೆದು ಹಿಂದಕ್ಕೆ ಹೋಗಬೇಡಿ. ಸೋತ ದಾರಿಗೂ ಕತೆ ಬರೆದಿದ್ದಾರೆ. ಆದರೆ ಎಫ್5 ಒತ್ತಿ ಸೇವ್ ಮಾಡುತ್ತಿರಿ, ಕರೆಂಟ್ ಯಾವಾಗ ಹೋಗುತ್ತದೋ. ಕಷ್ಟ ಅನಿಸಿದರೆ ಎಲ್ಲಕ್ಕಿಂತ ಸುಲಭದ ಮಟ್ಟ ಎಕ್ಸ್‌ಪ್ಲೋರರ್ ಇಡಿ. ಅದರಲ್ಲಿ ಅವಮಾನ ಏನಿದೆ?

ತಮ್ಮ ಅವತ್ತು ಅದೇ ಜಗಳ ಮತ್ತೆ ಆಡಿದ. ಗೇಲ್ ಬಂಡೆ ಮೇಲೆ, ಶ್ಯಾಡೋಹಾರ್ಟ್ ಬಾಗಿಲ ಹತ್ತಿರ. ಚಿಕ್ಕಮ್ಮ ಊಟಕ್ಕೆ ಎರಡು ಸಲ ಕರೆದರು. "ಇದೊಂದು ಸರದಿ ಅಮ್ಮ" ಅಂದ.