ಗುಡ್ಡ ನೋಡುವವರು, ತಿರುವು ನೋಡುವವರು

ಮಡಿಕೇರಿಯ ರಾಜಾಸೀಟ್ ಉದ್ಯಾನಕ್ಕೆ ಸಂಜೆ ಬಂದವರೆಲ್ಲ ಪಡುವಣಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ಜನರನ್ನು ನೋಡಬೇಕೆಂದಿದ್ದರೆ ಸೂರ್ಯನಿಗೆ ಬೆನ್ನು ಹಾಕಿ ಕೂರಬೇಕು. ನಾಲ್ಕು ಕಂಬದ ಆ ಕಮಾನು ಮಂಟಪದಲ್ಲಿ ಕೊಡಗಿನ ಅರಸರು ಕೂತು ಸೂರ್ಯಾಸ್ತ ನೋಡುತ್ತಿದ್ದರಂತೆ. ಈಗ ಅಲ್ಲಿ ಫೋಟೋಕ್ಕೆ ಸರದಿ. ಡಿಸೆಂಬರಿನಲ್ಲಿ ಆರರ ಆಸುಪಾಸು, ಜೂನ್ ಕೊನೆಗೆ ಏಳಕ್ಕೆ ಹತ್ತಿರ ಹೊತ್ತು ಮುಳುಗುತ್ತದೆ. ಜೂನಿನಲ್ಲಿ ಅದು ಕಾಣುತ್ತದೆಂದು ಬರುವವರು ಮಾತ್ರ ಹೊರಗಿನವರು. ಮಂಜಿನ ಗೋಡೆಯ ಮುಂದೆ ನಿಂತು, ಕಣಿವೆ ಇಲ್ಲೇ ಎಲ್ಲೋ ಇರಬೇಕೆಂದು ಮಕ್ಕಳಿಗೆ ಬೆರಳು ಮಾಡಿ ತೋರಿಸುತ್ತಾರೆ.

ಬೆಂಚು ಆರಿಸುವಾಗ ಮರದಡಿಯದು ಬೇಡ. ಮಳೆ ನಿಂತರೂ ಮರದ ಹನಿ ನಿಲ್ಲುವುದಿಲ್ಲ, ಅರ್ಧ ಗಂಟೆ ತೊಟ್ಟಿಕ್ಕುತ್ತಲೇ ಇರುತ್ತದೆ. ಸ್ಥಳೀಯರು ಬೆಂಚನ್ನು ಅಂಗೈಯಲ್ಲಿ ಮುಟ್ಟಿ ನೋಡಿಯೇ ಕೂರುವುದು.

ಆದರೆ ಪಾರ್ಕಿನಲ್ಲಿ ಎಲ್ಲರೂ ಸ್ವಲ್ಪ ಅಲಂಕಾರ ಮಾಡಿಕೊಂಡ ಮುಖದಲ್ಲಿರುತ್ತಾರೆ. ಊರಿನ ನಿಜ ಮುಖ ಬಸ್ ನಿಲ್ದಾಣದಲ್ಲಿದೆ. ರೈಲೇ ಇಲ್ಲದ ಜಿಲ್ಲೆ ಇದು, ಕಾಯುವುದೆಲ್ಲ ಬಸ್ಸಿಗೇ. ಶುಕ್ರವಾರ ಸಂತೆಯ ದಿನ ನಿಂತರೆ ಇನ್ನೂ ಚೆನ್ನ. ಚೀಲದ ಬಾಯಿಂದ ಇಣುಕುವ ಕಣಿಲೆ ಎಂಬ ಎಳೆ ಬಿದಿರು, ಕಾಗದ ಸುತ್ತಿದರೂ ಗುಟ್ಟು ಬಿಟ್ಟುಕೊಡುವ ಒಣಮೀನು. ಆಗಸ್ಟ್ ಮೊದಲ ದಿನಗಳಲ್ಲಾದರೆ ಮದ್ದು ಸೊಪ್ಪಿನ ಕಟ್ಟು: ಆ ಸೊಪ್ಪಿನ ಅಡುಗೆ ಉಣ್ಣುವ ಕಕ್ಕಡ 18, ಅಂದರೆ ಕೊಡವರ ಮಳೆಗಾಲದ ತಿಂಗಳು ಕಕ್ಕಡದ ಹದಿನೆಂಟನೇ ದಿನ, ಬಂತೆಂದು ತಿಳಿಯಲು ಕ್ಯಾಲೆಂಡರ್ ನೋಡಬೇಕಿಲ್ಲ.

ಕೊಡೆಗಳನ್ನು ಗಮನಿಸಿ. ಭಾಗಮಂಡಲದ ಬಸ್ಸಿನಿಂದ ಇಳಿದವರ ಕೊಡೆಯಿಂದ ನೀರು ಸುರಿಯುತ್ತಿರುತ್ತದೆ. 30 ಕಿಲೋಮೀಟರ್ ಆಚೆಯ ಕುಶಾಲನಗರದಿಂದ ಬಂದವರದು ಒಣಗಿ ಗರಿಗರಿಯಾಗಿರುತ್ತದೆ. ಹಳಬರು ಉದ್ದ ಕೋಲಿನ ಕೊಡೆಯನ್ನು ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿ ಎರಡೂ ಕೈ ಬಿಡುವು ಮಾಡಿಕೊಳ್ಳುತ್ತಾರೆ. ಬಸ್ ಹತ್ತುವಾಗ ಅದನ್ನು ತೆಗೆಯಲು ಮರೆತರೆ ಹಿಂದಿನವರ ಹೊಟ್ಟೆಗೆ ತಿವಿತ.

ಮಂಜು ಕವಿದಾಗ ಬೋರ್ಡು ಹತ್ತು ಹೆಜ್ಜೆ ದೂರಕ್ಕೂ ಕಾಣದು. ಆಗ ಕಿವಿಯೇ ಬೋರ್ಡು. ಹಾರ್ನ್ ಕೇಳಿದರೆ ಸಾಕು, ದಿನವೂ ಹೋಗುವವರು ಚೀಲ ಎತ್ತುತ್ತಾರೆ. ಖಾಸಗಿ ಬಸ್ಸಿಗೆ ಇಲ್ಲಿ ನಂಬರಿಲ್ಲ, ಹೆಸರು. ಆ ಹೆಸರನ್ನೂ ಹೇಳದೆ, ಓಡಿ ಬಂದವರು ಬರೀ "ಹೋಯ್ತಾ?" ಎನ್ನುತ್ತಾರೆ. ಯಾವುದು ಎಂದು ಯಾರೂ ಕೇಳುವುದಿಲ್ಲ.

2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಅಲ್ಲಿಂದ ನಿಲ್ದಾಣದ ಗಣಿತ ಬದಲಾಯಿತು. ಖಾಸಗಿ ಬಸ್ಸು ಸೀಟು ಖಾಲಿ ಇಟ್ಟುಕೊಂಡು ಕ್ಲೀನರನ ಬಾಯಲ್ಲಿ "ಮೂರ್ನಾಡು, ವಿರಾಜಪೇಟೆ" ಎಂದು ಕೂಗುತ್ತದೆ. ಹೆಂಡತಿ ಕೆಂಪು ಬಸ್ಸು ಬರಲಿ ಎನ್ನುತ್ತಾಳೆ. ಯಾವ ಬಸ್ಸು ಹತ್ತಿದರೂ ತನಗೆ ಟಿಕೆಟ್ ತಪ್ಪದ ಗಂಡ ಒಂದು ಕಾಲು ಮೆಟ್ಟಿಲ ಮೇಲಿಟ್ಟು ನಿಂತಿರುತ್ತಾನೆ. ಕ್ಲೀನರ್ ಎರಡು ಸಲ ತಟ್ಟಿದ ಮೇಲೆ ಆ ಕಾಲು ಎಲ್ಲಿರುತ್ತದೆ ಎಂಬುದರಲ್ಲಿ ಇಡೀ ಸಂಸಾರವಿದೆ.

ಮಾರ್ಚ್ ಬಂದರೆ ಮಾತೆಲ್ಲ ಒಂದೇ: "ನಿಮ್ಮಲ್ಲಿ ಎಷ್ಟು ಸೆಂಟ್ ಬಿತ್ತು?" ಹೊರಗಿನವರು ಇದನ್ನು ಜಾಗದ ವ್ಯವಹಾರ ಎಂದುಕೊಳ್ಳುವುದುಂಟು. ಮಳೆಯ ಲೆಕ್ಕ ಅದು, 100 ಸೆಂಟಿಗೆ ಒಂದು ಇಂಚು. ರೋಬಸ್ಟಾ ಕಾಫಿಗೆ ಹೂಮಳೆ, ಅಂದರೆ ಹೂ ಅರಳಿಸುವ ಮಳೆ, ಒಂದು ಇಂಚಾದರೂ ಬೇಕು. ಇಪ್ಪತ್ತು ಮೂವತ್ತು ಸೆಂಟಿಗೇ ಕೈಕೊಟ್ಟರೆ ಮೊಗ್ಗು ಅರೆಬರೆ ಬಿರಿದು ಕಾಯಿ ಕಚ್ಚುವುದಿಲ್ಲ, ಸ್ಪ್ರಿಂಕ್ಲರ್ ಎಳೆಯಬೇಕು. ಚೆನ್ನಾಗಿ ಬಿದ್ದರೂ ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು, ಮೊದಲನೆಯದಕ್ಕೆ ಆಸರೆಯ ಹಾಗೆ. ಮೂವತ್ತು ಸೆಂಟು ಬಿದ್ದವರು ತುಟಿ ಬಿಚ್ಚುವುದಿಲ್ಲ. ಒಂದೂಕಾಲು ಇಂಚಿನವರು ಕೇಳದಿದ್ದರೂ ಹೇಳುತ್ತಾರೆ. ತಿರುವಿನಲ್ಲಿ ಹಾರ್ನ್ ಕೇಳಿ ಮಾತು ಅರ್ಧಕ್ಕೇ ನಿಂತರೆ, ಹತ್ತಿ ಕೂತ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಬೆರಳೆತ್ತಿ ಕೂಗುತ್ತಾರೆ: "ಕೆಳಗಿನ ತೋಟಕ್ಕೆ ಒಂದು ನಲವತ್ತು!"